ಹಿಮಾಲಯಕ್ಕೆ ಅಳತೆಗೋಲಾದ ನಮ್ಮ ಬಂಡೆ

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಜನ ಭೂಕಂಪವೆಂದು ಬೀದಿಗೆ ಓಡಿ ಬಂದರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಿಟಕಿ ಬಾಗಿಲು ಅದುರಿದ್ದವು. ಅದುರಿಸಿದ್ದು ಹುಣಸೋಡು ಕ್ವಾರಿಯ ಹತ್ತಿರ ಲಾರಿಯಲ್ಲಿದ್ದ ಸ್ಫೋಟಕ ಎಂಬುದು ಆಮೇಲೆ ತಿಳಿಯಿತು. ನೆಲ ತಾನಾಗಿ ನಡುಗಿತೋ, ಯಾರಾದರೂ ನಡುಗಿಸಿದರೋ? ಇದೊಂದು ಪ್ರಶ್ನೆಗೆ ಉತ್ತರ ಹುಡುಕಲೆಂದೇ ಆಂಧ್ರದ ಪರಿಗಿಗೆ ದಕ್ಷಿಣದಲ್ಲಿ, ಹಿಂದೂಪುರ ದಾಟಿ ಕರ್ನಾಟಕದ ಗಡಿಯೊಳಗೆ ಕಾಲಿಟ್ಟರೆ ಸಿಗುವ ಗೌರಿಬಿದನೂರಿನಲ್ಲಿ 1965ರಿಂದ ಒಂದು ವ್ಯವಸ್ಥೆ ಕೆಲಸ ಮಾಡುತ್ತಿದೆ.

1963ರ ಒಪ್ಪಂದ ಗಾಳಿಯಲ್ಲಿ, ನೀರಿನಡಿಯಲ್ಲಿ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆಯನ್ನು ನಿಷೇಧಿಸಿತು. ನೆಲದಡಿಯ ಪರೀಕ್ಷೆಗೆ ನಿಷೇಧವಿರಲಿಲ್ಲ. ಹಾಗಾಗಿ ಯಾರು ಎಲ್ಲಿ ಸಿಡಿಸಿದರು ಎಂಬುದನ್ನು ನೆಲಕ್ಕೆ ಕಿವಿಗೊಟ್ಟೇ ತಿಳಿಯಬೇಕಾಯಿತು. ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ನೆರವಿನಿಂದ ಟ್ರಾಂಬೆಯ ಅಣುಶಕ್ತಿ ಕೇಂದ್ರದ ವಿಜ್ಞಾನಿಗಳು ಇಲ್ಲಿನ ಬಂಡೆಯ ಮೇಲೆ 20 ಕಂಪನಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಕೂರಿಸಿದರು. ಇದರ ಒಡಹುಟ್ಟುಗಳು ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮುಂಗಾ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್‌ಗಳಲ್ಲಿವೆ. ದೂರದಿಂದ ಬಂದ ಅಲೆ ಒಂದೊಂದು ಮಾಪಕವನ್ನೂ ಕ್ಷಣದ ಒಂದು ಭಾಗದಷ್ಟು ಹಿಂದೆ ಮುಂದೆ ತಲುಪುತ್ತದೆ. ಆ ವ್ಯತ್ಯಾಸದಿಂದ ಅದು ಯಾವ ದಿಕ್ಕಿನದು ಎಂದು ಲೆಕ್ಕ ಹಾಕುತ್ತಾರೆ. ವಿಳಂಬವನ್ನು ಸರಿಹೊಂದಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ಲಾರಿ, ರೈಲು, ಗಾಳಿಯ ಗಲಾಟೆ ಒಂದನ್ನೊಂದು ಅಳಿಸಿಕೊಂಡು ಅಸಲಿ ಅಲೆ ಎದ್ದು ಕಾಣುತ್ತದೆ. ಬಾಂಬು ಸುತ್ತಲಿನ ಕಲ್ಲನ್ನು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಿರುಕಿನ ಎರಡು ಮಗ್ಗುಲು ಜಾರುವುದರಿಂದ ಕೆಲವು ಕಡೆ ತಳ್ಳಾಟ, ಕೆಲವು ಕಡೆ ಎಳೆದಾಟ. ಎರಡನ್ನೂ ಬೇರ್ಪಡಿಸುವ ವಿದ್ಯೆಯ ಒಂದು ಬುಡ ಇದು.

ಈ ಜಾಗವನ್ನೇ ಆರಿಸಿದ್ದು ಏಕೆ? ನಮ್ಮ ಕಡೆಯ ಕಲ್ಲು ಗಟ್ಟಿ, ಹಳತು, ಗದ್ದಲವಿಲ್ಲದ್ದು. ಧಾರವಾಡ ಶಿಲಾಪ್ರಸ್ತರದ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತ ಗ್ರಾನೈಟು ಪಾವಗಡ, ಕಲ್ಯಾಣದುರ್ಗದ ಕಡೆಗೆ ಉದ್ದಕ್ಕೆ ಹರಡಿದೆ. ಮಳೆಗಾಲದಲ್ಲೂ ಹೊಟ್ಟೆ ತುಂಬ ನೀರು ಕಾಣದ ಈ ಸೀಮೆಗೆ ಪ್ರಕೃತಿ ಕೊಟ್ಟ ಆಸ್ತಿ ಎಂದರೆ ಈ ನಿಶ್ಶಬ್ದವೇ.

ಈ ನಿಶ್ಚಲ ನೆಲದಿಂದ ಹಿಮಾಲಯವನ್ನು ಅಳೆಯಬಹುದು ಎಂದು ತೋರಿಸಿದವರಲ್ಲಿ ಭೂಭೌತ ವಿಜ್ಞಾನಿ ವಿನೋದ್ ಕುಮಾರ್ ಗೌರ್ ಮುಖ್ಯರು. ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿ, ರೂರ್ಕಿಯಲ್ಲಿ ಪಾಠ ಹೇಳಿ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದು, ಆಮೇಲೆ ಬೆಂಗಳೂರಿಗೆ ಬಂದವರು. ಕೊಲರಾಡೊದ ರೋಜರ್ ಬಿಲ್ಹಮ್ ಜತೆ ಸೇರಿ 1990ರ ದಶಕದಲ್ಲಿ ಜಿಪಿಎಸ್ ಅಳತೆಗೆ ಕೈ ಹಾಕಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಗ್ರಾಹಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತದೆ, ಅಂದರೆ ನಾವೆಲ್ಲರೂ ಅಷ್ಟು ಸರಿಯುತ್ತಿದ್ದೇವೆ. ದಕ್ಷಿಣದ ಬಂಡೆ ಒಳಗೆ ಹೆಚ್ಚುಕಡಿಮೆ ಬಾಗದೆ ಒಂದೇ ಹಲಗೆಯಂತೆ ಸಾಗುವುದರಿಂದ, ಇಲ್ಲಿಂದ ನೋಡಿದರೆ ಹಿಮಾಲಯ ಎಷ್ಟು ಕುಗ್ಗುತ್ತಿದೆ ಎಂಬುದು ನೇರವಾಗಿ ಸಿಗುತ್ತದೆ: ವರ್ಷಕ್ಕೆ ಸುಮಾರು 2 ಸೆಂ.ಮೀ. ಇನ್ನೂರು ವರ್ಷ ಜಾರದೆ ಕೂತ ಕಡೆ 4 ಮೀಟರ್ ಬಾಕಿ. 2001ರಲ್ಲಿ ಗೌರ್, ಬಿಲ್ಹಮ್ ಮತ್ತು ಪೀಟರ್ ಮೋಲ್ನಾರ್ ‘ಸೈನ್ಸ್’ ಪತ್ರಿಕೆಯಲ್ಲಿ ಇದೇ ಲೆಕ್ಕ ಮುಂದಿಟ್ಟು ದೊಡ್ಡ ಕಂಪನಗಳು ಬರಬೇಕಾಗಿವೆ ಎಂದು ಎಚ್ಚರಿಸಿದರು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಕಂಪನವಾಗಿ ಸುಮಾರು 9 ಸಾವಿರ ಜನ ಸತ್ತರು. ಅಷ್ಟಾಗಿಯೂ ಬಾಕಿಯೆಲ್ಲ ತೀರಿದೆ ಎಂದು ಯಾರೂ ಹೇಳುತ್ತಿಲ್ಲ.

ಆದರೆ ಹಲಗೆ ಬಾಗದು ಎಂದರೆ ಬಿರುಕೇ ಬಿಡದು ಎಂದಲ್ಲ. ನಮ್ಮಲ್ಲಿ ಇದನ್ನು ಹೆಜ್ಜೆಯಲ್ಲೇ ಅಳೆದವರು ಕೆ.ಎಸ್. ವಾಲ್ಡಿಯಾ. 1937ರಲ್ಲಿ ಬರ್ಮಾದ ಕಲಾವ್‌ನಲ್ಲಿ ಹುಟ್ಟಿ, ಯುದ್ಧಕಾಲದ ಬಾಂಬಿನ ಸದ್ದಿಗೆ ಎಳವೆಯಲ್ಲೇ ಕಿವಿ ಮಂದವಾಗಿಸಿಕೊಂಡು, ಪಿಥೋರಾಗಢದಲ್ಲಿ ಬೆಳೆದು ಕುಮಾವೂಂ ಹಿಮಾಲಯದ ಭೂರಚನೆಯನ್ನು ನಕ್ಷೆಗಿಳಿಸಿದ ಮನುಷ್ಯ ಅವರು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಕಾವೇರಿ ಬಯಲು, ಶಿವನಸಮುದ್ರ, ಬಿಳಿಗಿರಿರಂಗನ ಬೆಟ್ಟದ ತಪ್ಪಲು ಸುತ್ತಿ ನೋಡಿದರು. ಹೊಳೆ ಇದ್ದಕ್ಕಿದ್ದಂತೆ ತಿರುವು ತಗೊಂಡದ್ದು, ಮೇಲ್ಗಡೆ ನೀರು ನಿಂತು ಕರಿಮಣ್ಣು ಸೇರಿಕೊಂಡದ್ದು ಹಳೆಯ ಬಿರುಕುಗಳು ಇತ್ತೀಚಿನ ಭೂಕಾಲದಲ್ಲೂ ಸರಿದಾಡಿವೆ ಎನ್ನುವುದರ ಗುರುತು ಎಂದು 1998ರಲ್ಲಿ ಬರೆದರು. ದಕ್ಷಿಣ ಸತ್ತ ಬಂಡೆ ಎಂದು ನಂಬಿದ್ದವರಿಗೆ ಇದು ರುಚಿಸಿರಲಾರದು. 2020ರ ಸೆಪ್ಟೆಂಬರ್ 29ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಅವರು ಬರೆಯುವ ಹೊತ್ತಿಗಾಗಲೇ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಆಗಿಹೋಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಮಲಗಿದ್ದ ಊರುಗಳು ಕುಸಿದವು. ಸತ್ತವರು 10 ಸಾವಿರದ ಹತ್ತಿರ. ತೀವ್ರತೆ 6.2ರ ಆಸುಪಾಸು, ಹಿಮಾಲಯದ ಲೆಕ್ಕದಲ್ಲಿ ದೊಡ್ಡದೇನಲ್ಲ. ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಅಪಾಯವೇ ಇಲ್ಲವೆಂಬಂತಿದ್ದ ಒಂದನೇ ವಲಯದಲ್ಲಿತ್ತು. ಆಮೇಲೆ 2002ರಲ್ಲಿ ಆ ವಲಯವನ್ನೇ ಅಳಿಸಿ ಎರಡಕ್ಕೆ ಸೇರಿಸಿದರು. ಇದನ್ನು ಸುಧಾರಣೆ ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎನ್ನುವುದು ಸರಿ.

ಕಿಲ್ಲಾರಿಯಲ್ಲಿ ಕೊಂದದ್ದು ಗೋಡೆ. ಎರಡಡಿ ಮೂರಡಿ ದಪ್ಪ, ನೋಡಲು ಕೋಟೆ. ಆದರೆ ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡೂ ಮುಖವನ್ನು ಹಿಡಿದಿಡುವ ಉದ್ದಕಲ್ಲು ಇಲ್ಲ. ಅದುರಿದ ಕೂಡಲೇ ಗೋಡೆ ಎರಡಾಗಿ ಸೀಳಿತು, ತಲೆಯ ಮೇಲೆ ಹೇರಿದ್ದ ಮಣ್ಣಿನ ಮಾಳಿಗೆ ಕೆಳಗಿಳಿಯಿತು. ಅನಂತಪುರ, ಪಾವಗಡ ಸೀಮೆಯ ಹಳೇ ಮನೆಗಳನ್ನು ಕಂಡವರಿಗೆ ಈ ಗೋಡೆಯ ಪರಿಚಯ ಬೇಕಿಲ್ಲ.

ಇನ್ನೊಂದು ಸಂಗತಿ. ನಮ್ಮಂಥ ಹಳೇ ನೆಲದಲ್ಲಿ ಒಂದು ಬಿರುಕು ಎರಡನೇ ಸಲ ಜಾರಲು ಸಾವಿರಾರು ವರ್ಷ ಹಿಡಿಯಬಹುದು, ಮಾಪಕಗಳ ದಾಖಲೆಗೆ ಮಾತ್ರ ನೂರು ಚಿಲ್ಲರೆ ವರ್ಷವಷ್ಟೇ. ಆದರೆ ಶಾಸನಗಳ ದಾಖಲೆ ಅದಕ್ಕಿಂತ ಬಹಳ ಹಳೆಯದು: ಗಂಗರ ಪೆನುಕೊಂಡ ತಾಮ್ರಪಟದ ‘ಪರುವಿ’ಯೇ ಇಂದಿನ ಪರಿಗಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಂದೀಚೆಗೆ ಕೆರೆ, ಏರಿ, ಗುಡಿ ಎಂದು ಬರೆದಿಟ್ಟ ಊರುಗಳಿವು. ಏರಿ ಒಡೆದದ್ದು, ಗುಡಿ ಮತ್ತೆ ಕಟ್ಟಿದ್ದು ಶಾಸನಗಳಲ್ಲಿ ಬಂದಾಗ ಮಳೆಯ ಜತೆ ಕಂಪನವನ್ನೂ ಸಂಶಯಿಸಿ ಓದಬೇಕು. ಇತಿಹಾಸದ ಮೇಷ್ಟರೂ ಭೂವಿಜ್ಞಾನಿಯೂ ಒಂದೇ ಜೀಪಿನಲ್ಲಿ ಹೋದರೆ ಆಗುವ ಕೆಲಸ. ದೊಡ್ಡ ಅನುದಾನವೇನೂ ಬೇಡ.

ಈಗ ಆಗುತ್ತಿರುವುದೇ ಬೇರೆ. 2021ರ ಕೊನೆಗೆ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ, ವಿಪರೀತ ಮಳೆಯ ಬೆನ್ನಿಗೆ, 3ರ ಆಸುಪಾಸಿನ ಕಂಪನಗಳಾದವು. ನಾಲ್ಕು ದಿನ ಟಿವಿ ಬಂತು, ಅಧಿಕಾರಿಗಳು ಬಂದರು, ‘ಆತಂಕ ಬೇಡ’ ಎಂದು ಹೋದರು. ಆತಂಕ ಬೇಡ, ನಿಜ. ಮೇಸ್ತ್ರಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು. ಗೌರ್, ವಾಲ್ಡಿಯಾ ತರಹದವರು ಆಯಸ್ಸು ಸವೆಸಿ ಕಂಡುಕೊಂಡದ್ದನ್ನು ಪಂಚಾಯಿತಿ ಮನೆಯ ನಕ್ಷೆಗೆ ಇಳಿಸುವ ಹೊಣೆ ವಿಜ್ಞಾನಿಯದ್ದಲ್ಲ, ಸರ್ಕಾರದ್ದು. ವಸತಿ ಯೋಜನೆಯ ಕಂತು ಬಿಡುಗಡೆ ಮಾಡುವ ಮುನ್ನ ತಳಪಾಯದ ಫೋಟೊ ಕೇಳುವ ಇಲಾಖೆಗೆ ಲಿಂಟಲ್ಲಿನ ಫೋಟೊ ಕೇಳುವುದು ಕಷ್ಟವಲ್ಲ.

ಈ ವರ್ಷ ಮನೆ ಕಟ್ಟಿಸುತ್ತಿರುವವರು ಇಷ್ಟು ನೋಡಿಕೊಳ್ಳಿ: ಲಿಂಟಲ್ ಬಾಗಿಲು ಕಿಟಕಿಯ ಮೇಲೆ ಮಾತ್ರ ನಿಲ್ಲದೆ, ನಾಲ್ಕೂ ಗೋಡೆಯನ್ನು ಸುತ್ತಿ ಬರಲಿ.