ಉಚಿತ ಆ್ಯಪ್‌ನಲ್ಲಿ ಹಪ್ಪಳದ ಅಂಗಡಿ

ಮನೆಯಲ್ಲಿ ಮಾಡಿದ ತಿನಿಸನ್ನು ಊರಾಚೆಗೆ ಮಾರಲು ಇಂದು ಅಂಗಡಿಯ ಮುಂಗಡ ಬೇಕಿಲ್ಲ, ಜಾಹೀರಾತಿನ ಖರ್ಚೂ ಬೇಕಿಲ್ಲ. ಗಿರಾಕಿಯೊಡನೆ ಮಾತಿಗೆ ವಾಟ್ಸ್‌ಆ್ಯಪ್ ಬಿಸಿನೆಸ್, ಹಣಕ್ಕೆ ಯುಪಿಐ, ಹುಡುಕಿಕೊಂಡು ಬರುವವರಿಗೆ ಗೂಗಲ್ ಮ್ಯಾಪ್‌ನಲ್ಲೊಂದು ಗುರುತು, ಮೂರೂ ಉಚಿತ. ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಹಿಂದೆಲ್ಲ ಬೆಂಗಳೂರು ಸೇರುತ್ತಿದ್ದುದು ನೆಂಟರ ಚೀಲದಲ್ಲಿ. ಈಗ ಆ ಭಾಗದ ಹೆಂಗಸರು ಫೋನಿನಲ್ಲೇ ಆರ್ಡರ್ ಹಿಡಿದು ಪಾರ್ಸೆಲ್ ಕಳಿಸುತ್ತಿದ್ದಾರೆ. ಇಂಥ ವ್ಯಾಪಾರ ಶುರು ಮಾಡುವುದು ಸುಲಭ. ಅದು ಬೆಳೆದು ನಿಲ್ಲಬೇಕಾದರೆ, ಉಚಿತವಾಗಿ ಸಿಕ್ಕಿದ್ದರಲ್ಲಿ ತನ್ನದಾವುದು, ಪರರದಾವುದು ಎಂಬುದು ಮೊದಲಿನಿಂದಲೇ ಗೊತ್ತಿರಬೇಕು.

ವಾಟ್ಸ್‌ಆ್ಯಪ್ ಬಿಸಿನೆಸ್ ಬಂದದ್ದು 2018ರಲ್ಲಿ, ಅದರೊಳಗಿನ ಕ್ಯಾಟಲಾಗ್ 2019ರಲ್ಲಿ. ಮನೆಯ ನಂಬರನ್ನೇ ಅದಕ್ಕೆ ಕೊಡದೆ ಬೇರೊಂದು ಸಿಮ್ ಇಡುವುದು ಒಳ್ಳೆಯದು. ಇಲ್ಲದಿದ್ದರೆ ಮದುವೆ ಕರೆಯೋಲೆಗಳ ನಡುವೆ ಆರ್ಡರ್ ಕಳೆದುಹೋಗುತ್ತದೆ. ಕ್ಯಾಟಲಾಗ್‌ನಲ್ಲಿ ಪ್ರತಿ ಪದಾರ್ಥದ ಚಿತ್ರ, ದರ, ವಿವರ ಹಾಕಬಹುದು. ವ್ಯಾಪಾರ ಕುದುರುವುದು ಆ ವಿವರದಲ್ಲಿ. ‘ರುಚಿಕರ ಹಲಸಿನ ಹಪ್ಪಳ’ ಎಂದು ಬರೆದರೆ ಗಿರಾಕಿಗೆ ಏನೂ ತಿಳಿಯದು. ‘ಬಕ್ಕೆ ಹಲಸಿನದು, ಖಾರ ಹಾಕಿದ್ದು, ಕಟ್ಟಿಗೆ 25, ಈ ಏಪ್ರಿಲ್ ಬಿಸಿಲಲ್ಲಿ ಒಣಗಿದ್ದು’ ಎಂದರೆ ಕೇಳಬೇಕಾದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅಲ್ಲೇ ಉತ್ತರ ಸಿಕ್ಕಂತೆ. ಚಿತ್ರಕ್ಕೆ ಬೆಳಗಿನ ಹೊತ್ತಿನ ಜಗಲಿಯ ಬೆಳಕು ಸಾಕು. ಹಸಿ ಕಟ್ಟಿನ ಪಕ್ಕ ಕರಿದ ಹಪ್ಪಳವೊಂದನ್ನು ಇಟ್ಟು ತೆಗೆದರೆ ಅದು ಎಷ್ಟು ಅರಳುತ್ತದೆಂಬುದೂ ಕಾಣುತ್ತದೆ. ಬಂದ ಆರ್ಡರ್‌ಗಳಿಗೆ ‘ಹಣ ಬಾಕಿ’, ‘ಹಣ ಬಂದಿದೆ’, ‘ಕಳಿಸಿದೆ’ ಎಂದು ಲೇಬಲ್ ಹಚ್ಚುವ ಸೌಲಭ್ಯ ಇದೇ ಆ್ಯಪ್‌ನಲ್ಲಿದೆ. ಬೇಸಿಗೆಯಲ್ಲಿ ಒಟ್ಟೊಟ್ಟಿಗೆ ಆರ್ಡರ್ ಬರುವಾಗ ಗೊಂದಲ ತಪ್ಪಿಸುವುದು ಇದೇ.

ಹೊಸ ಸರಕು ಬಂದಾಗ ಎಲ್ಲರಿಗೂ ಒಮ್ಮೆಗೇ ತಿಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಇದೆ. ಒಂದು ಪಟ್ಟಿಯಲ್ಲಿ 256 ಮಂದಿ. ಅವರಲ್ಲೂ ಮಾರುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಹಾಗಾಗಿ ಮೊದಲ ಪಾರ್ಸೆಲ್‌ನಲ್ಲೇ ‘ಈ ನಂಬರ್ ಉಳಿಸಿಕೊಳ್ಳಿ’ ಎಂಬ ಚೀಟಿ ಇಡುವುದು ಲಾಭದ ಕೆಲಸ. ಎಲ್ಲಿಂದಲೋ ಸಿಕ್ಕ ನಂಬರುಗಳಿಗೆ ಸಂದೇಶ ಸುರಿಯುವವರ ಮೇಲೆ ದೂರು ಹೋಗುತ್ತದೆ, ಖಾತೆಯೇ ಬಂದ್ ಆಗುತ್ತದೆ.

ಯುಪಿಐ 2016ರಲ್ಲಿ ಶುರುವಾಯಿತು. 2020ರ ಜನವರಿಯಿಂದ ಅದರ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ. 150 ರೂಪಾಯಿಯ ಕಟ್ಟಿಗೆ ಪೂರ್ತಿ 150 ಕೈಗೆ ಬರುವುದು ಸಣ್ಣವರ ಪಾಲಿಗೆ ದೊಡ್ಡ ಅನುಕೂಲ. ಮೋಸ ನಡೆಯುವುದೂ ಇಲ್ಲಿಯೇ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ‘ಹಣ ಕಳಿಸಿದ್ದೇನೆ, ಪಿನ್ ಹಾಕಿ’ ಎಂದವರು ಕದಿಯಲು ಬಂದವರು. ಹಣ ಕಟ್ಟಿದ ಸ್ಕ್ರೀನ್‌ಶಾಟ್ ನಕಲಿ ಇರಬಹುದು. ಬ್ಯಾಂಕ್ ಖಾತೆ ನೋಡಿಯೇ ಪಾರ್ಸೆಲ್ ಕಟ್ಟಬೇಕು.

ಗೂಗಲ್‌ನಲ್ಲಿ ಹೆಸರು ನೋಂದಾಯಿಸಿದರೆ ಪ್ರವಾಸಕ್ಕೆ ಬಂದವರು ಮನೆ ಬಾಗಿಲಿಗೇ ಬಂದಾರು. ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿ, ಖರೀದಿಸಿದವರಿಂದ ನಿಜವಾದ ಅಭಿಪ್ರಾಯ ಬರೆಸಿಕೊಂಡರೆ ಅಷ್ಟು ಸಾಕು.

ಉಚಿತವಲ್ಲದ ಸಂಗತಿಗಳು ಆಮೇಲೆ ಎದುರಾಗುತ್ತವೆ. ಹಪ್ಪಳ ಹಗುರ, ಆದರೆ ಜಾಗ ಹಿಡಿಯುತ್ತದೆ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಗುಣಿಸಿ ತೂಕ ಕಟ್ಟುವುದರಿಂದ ಅರ್ಧ ಕಿಲೋ ಹಪ್ಪಳಕ್ಕೆ ಅದರ ನಿಜ ತೂಕಕ್ಕಿಂತ ಹೆಚ್ಚಿನ ದರ ಬೀಳಬಹುದು. ಉಪ್ಪಿನಕಾಯಿಯ ಕಷ್ಟ ಬೇರೆ: ತೂಕ ಹೆಚ್ಚು, ರಸ ಸೋರುವ ಭಯ. ಸ್ಪೀಡ್ ಪೋಸ್ಟ್, ಸರ್ಕಾರಿ ಬಸ್ಸಿನ ಕಾರ್ಗೋ, ಖಾಸಗಿ ಕೊರಿಯರ್ ಮೂರರ ದರವನ್ನೂ ಹೋಲಿಸಿ ನೋಡಿ, ಸಾಗಾಟವನ್ನು ಬೆಲೆಯಿಂದ ಬೇರೆಯಾಗಿಯೇ ತೋರಿಸುವುದು ಸರಿಯಾದ ದಾರಿ. ತನ್ನ ದುಡಿಮೆಗೆ ಕೂಲಿ ಹಿಡಿಯದೆ ದರ ಕಟ್ಟುವುದು ಮನೆ ಉದ್ಯಮಗಳಲ್ಲಿ ಎಲ್ಲೆಡೆ ಕಾಣುವ ತಪ್ಪು. ಹಲಸಿನ ತೊಳೆ ಬಿಡಿಸಿ, ಬೇಯಿಸಿ, ಕಡೆದು, ಉಂಡೆ ಕಟ್ಟಿ, ಒತ್ತಿ, ಒಣಗಿಸುವ ಅಷ್ಟೂ ಹೊತ್ತಿಗೆ ಬೆಲೆ ಕಟ್ಟದಿದ್ದರೆ ಆರ್ಡರ್ ಹೆಚ್ಚಿದಷ್ಟೂ ನಷ್ಟವೇ ಹೆಚ್ಚುತ್ತದೆ.

ಇನ್ನು ಕಾನೂನು. ಎಷ್ಟೇ ಸಣ್ಣ ಪ್ರಮಾಣದಲ್ಲಿ ತಿನಿಸು ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣವರಿಗೆ ಅದರ ಶುಲ್ಕ ಅಲ್ಪ; ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅಲ್ಲಿ ಸಿಗುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಜೊತೆಗೆ ಹಾಕಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಗರಿಷ್ಠ ಬೆಲೆ, ಸಸ್ಯಾಹಾರದ ಹಸಿರು ಗುರುತು. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ 2020ರ ಜುಲೈ 1ರಿಂದ ಇದೆ, ಪೂರ್ತಿ ಉಚಿತ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಅದಕ್ಕೆ ಹಣ ಕೀಳುತ್ತವೆ. ವಿಳಾಸ ನೋಡಿಕೊಂಡೇ ಮುಂದುವರಿಯಬೇಕು.

ಜಿಎಸ್‌ಟಿ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ ಎಂಬುದು ನಿಜ, ಆದರೆ ಅದು ರಾಜ್ಯದೊಳಗಿನ ಮಾರಾಟಕ್ಕೆ. ಒಂದೇ ಒಂದು ಭರಣಿ ಉಪ್ಪಿನಕಾಯಿಯನ್ನು ಪುಣೆಯ ಗಿರಾಕಿಗೆ ಮಾರಿದರೂ ಅದು ಅಂತರರಾಜ್ಯ ವ್ಯಾಪಾರ. ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಕಡ್ಡಾಯ. ಹಪ್ಪಳಕ್ಕೆ ತೆರಿಗೆಯೇ ಇಲ್ಲದ್ದರಿಂದ ಬರೀ ಹಪ್ಪಳ ಮಾರುವವರಿಗೆ ಈ ಕಟ್ಟು ಇಲ್ಲ, ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟೊಡನೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತು ಮುಂಬೈಯವರಿಗೆ ಲೋಗೊ ಬರೆದುಕೊಡುವವರಿಗೆ 20 ಲಕ್ಷದವರೆಗೆ ಈ ನೋಂದಣಿಯಿಂದ ವಿನಾಯಿತಿ ಇದೆ, ಕರಕುಶಲ ವಸ್ತು ಮಾರುವವರಿಗೂ ಇದೆ. ಉಪ್ಪಿನಕಾಯಿಯ ಮನೆಗೆ ಮಾತ್ರ ಇಲ್ಲ. ಇದು ಅನ್ಯಾಯ. ಪುಣೆ, ಮುಂಬೈ, ಹೈದರಾಬಾದಿನ ಕನ್ನಡಿಗರೇ ಇಂಥ ತಿನಿಸಿನ ಸಹಜ ಗಿರಾಕಿಗಳಾಗಿರುವಾಗ, ಮನೆ ತಯಾರಿಕೆಯ ಆಹಾರಕ್ಕೂ ಒಂದು ಮಿತಿಯವರೆಗೆ ಅದೇ ವಿನಾಯಿತಿ ಸಿಗಲೇಬೇಕು. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯ ಇದನ್ನು ಎತ್ತಬೇಕು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬರೆದುಕೊಂಡವು. ಅದು ಪರಿಹಾರವಲ್ಲ. ವ್ಯಾಪಾರದ ಹಣಕ್ಕೆ ಬೇರೆಯದೇ ಬ್ಯಾಂಕ್ ಖಾತೆ, ತೆರಿಗೆಯಿರುವ ಮತ್ತು ಇಲ್ಲದ ಸರಕಿಗೆ ಪ್ರತ್ಯೇಕ ಲೆಕ್ಕ ಇದ್ದವರು ನೋಟಿಸ್ ಬಂದರೂ ಉತ್ತರ ಕೊಡಬಲ್ಲರು. ಗೂಗಲ್ ಶೀಟ್ಸ್‌ನ ಒಂದು ಹಾಳೆ ಇದಕ್ಕೆ ಧಾರಾಳ ಸಾಕು.

ಉಚಿತ ಸೇವೆಯ ಷರತ್ತು ಬರೆಯುವವರು ಸೇವೆ ಕೊಡುವವರು, ಬದಲಿಸುವವರೂ ಅವರೇ. ಗೂಗಲ್ ತನ್ನ ವ್ಯಾಪಾರಿ ಖಾತೆಗಳಿಗೆ ಪುಕ್ಕಟೆಯಾಗಿ ಕೊಟ್ಟಿದ್ದ ಜಾಲತಾಣಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿಳಾಸವನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದವರ ಲೇಬಲ್‌ಗಳು ವ್ಯರ್ಥವಾದವು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಕೂಡಿಸಿಕೊಂಡಿದ್ದ ಅನುಯಾಯಿಗಳೂ ಹೋದರು. ವಾಟ್ಸ್‌ಆ್ಯಪ್‌ನ ಬ್ಯಾಕಪ್ ಮೊದಲು ಲೆಕ್ಕಕ್ಕಿರಲಿಲ್ಲ, ಈಗ ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗದಲ್ಲೇ ಸೇರುತ್ತದೆ; ಚಿತ್ರಗಳಿಂದ ಅದು ತುಂಬಿದರೆ ಇಮೇಲ್ ಬರುವುದೂ ನಿಲ್ಲುತ್ತದೆ.

ಆದ್ದರಿಂದ ವ್ಯಾಪಾರದ ನಿಜವಾದ ಆಸ್ತಿ ಗಿರಾಕಿಗಳ ಪಟ್ಟಿ. ಹೆಸರು, ಫೋನು, ಊರು, ಕೊಂಡದ್ದೇನು ಎಂಬಷ್ಟನ್ನು ಆ್ಯಪ್‌ನ ಹೊರಗೆ, ಪುಸ್ತಕದಲ್ಲೋ ಶೀಟ್‌ನಲ್ಲೋ ಬರೆದಿಡಬೇಕು, ತಿಂಗಳಿಗೊಮ್ಮೆ ಪ್ರತಿ ತೆಗೆದಿಡಬೇಕು. ಲಾಭ ಕಂಡೊಡನೆ ಹಣ ಕೊಟ್ಟು ಕೊಳ್ಳಬೇಕಾದ ಮೊದಲ ವಸ್ತು ಸ್ವಂತ ಡೊಮೈನ್ ಹೆಸರು. ಅದು ಇಂದು ಕ್ಯಾಟಲಾಗ್‌ಗೆ ದಾರಿ ತೋರಲಿ, ನಾಳೆ ಬೇರೊಂದು ತಾಣಕ್ಕೆ ತೋರಲಿ, ಪೊಟ್ಟಣದ ಮೇಲಿನ ವಿಳಾಸ ಬದಲಾಗುವುದಿಲ್ಲ.

ಖಾತೆ ಯಾರ ಹೆಸರಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಬಹಳ ಮನೆಗಳಲ್ಲಿ ಅದನ್ನು ತೆರೆದುಕೊಡುವವರು ಮಗ ಅಥವಾ ಅಳಿಯ, ತಮ್ಮದೇ ಇಮೇಲ್ ಹಾಕಿ. ಅವರು ಕೆಲಸಕ್ಕೆಂದು ಬೆಂಗಳೂರಿಗೆ ಹೊರಟರೆ ಪಾಸ್‌ವರ್ಡ್ ಕೂಡ ಅವರ ಜೊತೆಗೇ ಹೋಗುತ್ತದೆ. ಸಿಮ್, ಇಮೇಲ್, ಬ್ಯಾಂಕ್ ಖಾತೆ, ಡೊಮೈನ್ ನಾಲ್ಕೂ ಹಪ್ಪಳ ಮಾಡುವವರ ಹೆಸರಿನಲ್ಲೇ ಇರಬೇಕು. ವಾಟ್ಸ್‌ಆ್ಯಪ್‌ನ ಎರಡು ಹಂತದ ಪರಿಶೀಲನೆಗೆ ಹಾಕುವ 6 ಅಂಕಿಯ ಪಿನ್ ಅವರಿಗೆ ಬಾಯಿಪಾಠವಾಗಿರಬೇಕು.