ಮೂವತ್ತೊಂದು ಬಾರಿ ಕೇಳಲಾದ ಪ್ರಶ್ನೆ

ಭಾರತೀಯ ಕಾವ್ಯಮೀಮಾಂಸೆಯು ಪುನರುಕ್ತಿಯನ್ನು ದೋಷಗಳ ಸಾಲಿಗೆ ಸೇರಿಸಿದೆ. ಪ್ರಬಂಧದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರೆ ಶಾಲೆಯ ಅಧ್ಯಾಪಕರು ಕೆಂಪು ಗೆರೆ ಎಳೆಯುತ್ತಾರೆ. ಅದೇ ಮಕ್ಕಳು ಪವಿತ್ರ ಕುರ್‌ಆನಿನ 55ನೆಯ ಅಧ್ಯಾಯವಾದ ಸೂರಃ ಅರ್‌ರಹ್ಮಾನನ್ನು ಕನ್ನಡ ಅನುವಾದದಲ್ಲಿ ಓದುವಾಗ, 78 ಸೂಕ್ತಗಳ ಪೈಕಿ 31 ಸೂಕ್ತಗಳು ಒಂದೇ ಪ್ರಶ್ನೆಯಾಗಿರುವುದನ್ನು ಕಂಡು ತಬ್ಬಿಬ್ಬಾಗುವುದು ಸಹಜ. ಆ ಸಾಲನ್ನು ಹಾರಿಸಿ ಮುಂದೆ ಸಾಗುವ ಹಿರಿಯರೂ ನಮ್ಮಲ್ಲಿದ್ದಾರೆ. ಅರ್ಥ ತಿಳಿಯಿತಲ್ಲ, ಮತ್ತೇಕೆ ಎಂಬುದು ಅವರ ವಾದ. ಅದನ್ನು ನಾವು ಒಪ್ಪಲಾರೆವು.

ಪ್ರಶ್ನೆಯ ಪದಗಳು ಅವೇ ಇರುತ್ತವೆ, ಅದು ಬಂದು ನಿಲ್ಲುವ ನೆಲೆ ಬೇರೆಯಾಗುತ್ತದೆ. ಮೊದಲ 12 ಸೂಕ್ತಗಳಲ್ಲಿ ಅದರ ಸುಳಿವೇ ಇಲ್ಲ. ಕುರ್‌ಆನಿನ ಕಲಿಕೆ, ಮಾತಿನ ಶಕ್ತಿ, ಸೂರ್ಯಚಂದ್ರರ ಗಣಿತ, ತಕ್ಕಡಿಯ ನ್ಯಾಯ, ಖರ್ಜೂರ, ಧಾನ್ಯ ಇವೆಲ್ಲವನ್ನೂ ಮುಂದಿಟ್ಟ ಬಳಿಕವೇ ಪ್ರಭುವಿನ ಅನುಗ್ರಹಗಳ ನಿರಾಕರಣೆಯನ್ನು ಕುರಿತ ಆ ಪ್ರಶ್ನೆ ಮೊದಲ ಬಾರಿಗೆ ಏಳುತ್ತದೆ. ಮುತ್ತುಹವಳಗಳ ಬಳಿಕ ಅದರಲ್ಲಿ ಬೆರಗಿದೆ. ಭೂಮಿಯ ಮೇಲಿರುವ ಸಕಲವೂ ನಶ್ವರವೆಂಬ ಮಾತಿನ ಬಳಿಕ ಅದೇ ಪ್ರಶ್ನೆ ಎದೆಯನ್ನು ನಡುಗಿಸುತ್ತದೆ. ನರಕದ ಕುದಿನೀರಿನ ಪ್ರಸ್ತಾಪದ ಬೆನ್ನಿಗೂ ಅದೇ ಬರುವುದು ಹಲವರನ್ನು ಗೊಂದಲಕ್ಕೀಡುಮಾಡುತ್ತದೆ. ಅಲ್ಲಿ ಅನುಗ್ರಹವೆಲ್ಲಿ? ಮುಂದೆ ಪ್ರಪಾತವಿದೆಯೆಂದು ಮೊದಲೇ ಕೂಗಿ ತಡೆಯುವವನು ಉಪಕಾರಿಯೇ ಅಲ್ಲವೇ? ಎಚ್ಚರಿಕೆಯೂ ಒಂದು ಅನುಗ್ರಹವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಇನ್ನು ನಾದದ ವಿಚಾರ. ಅರಬಿಯಲ್ಲಿ ಏಕವಚನ ಬಹುವಚನಗಳಲ್ಲದೆ ದ್ವಿವಚನವೂ ಇದೆ. ಮನುಷ್ಯರು ಮತ್ತು ಜಿನ್ನ್‌ಗಳೆಂಬ ಎರಡು ವರ್ಗಗಳನ್ನು ಒಟ್ಟಿಗೆ ಸಂಬೋಧಿಸುವ ಈ ಪ್ರಶ್ನೆ ದ್ವಿವಚನದಲ್ಲಿದ್ದು, 'ಆನ್' ಎಂಬ ನೀಳಧ್ವನಿಯಲ್ಲಿ ಕೊನೆಗೊಳ್ಳುತ್ತದೆ. ಅಧ್ಯಾಯದ ಹೆಚ್ಚಿನ ಸೂಕ್ತಗಳು ಅದೇ ಪ್ರಾಸಕ್ಕೆ ಬಂದು ಸೇರುತ್ತವೆ. ಉದ್ಯಾನಗಳೂ ಎರಡೆರಡು, ಚಿಲುಮೆಗಳೂ ಎರಡೆರಡು. ದ್ವಿವಚನವಿಲ್ಲದ ಕನ್ನಡದಲ್ಲಿ 'ನೀವು' ಎಂದೊಡನೆ ಆ ನಾದ ಕಳಚಿಹೋಗುತ್ತದೆ. ಅನುವಾದಕರನ್ನು ದೂರಿ ಫಲವಿಲ್ಲ. ಆದರೆ ನಾದ ಹೋದ ಮೇಲೆ ಓದುಗನ ಕೈಯಲ್ಲಿ ಉಳಿಯುವುದು ಆವರ್ತನೆಯೊಂದೇ. 64ನೆಯ ಸೂಕ್ತವನ್ನೇ ನೋಡಿ: ಮೂಲದಲ್ಲಿ ಅದು ದಟ್ಟ ಹಸಿರನ್ನು ಸೂಚಿಸುವ ಒಂದೇ ಒಂದು ಪದ. ಅದರ ಹಿಂದೆಯೂ ಮುಂದೆಯೂ ಆ ಪ್ರಶ್ನೆಯೇ ಇದೆ. ಪ್ರಶ್ನೆಯನ್ನು ಬಿಟ್ಟು ಓದಿದವನ ಕಣ್ಣು ಆ ಹಸಿರಿನ ಮೇಲೆ ಕ್ಷಣಕಾಲವೂ ನಿಲ್ಲದು. ಹನಿ ಹನಿ, ಹೆಜ್ಜೆ ಹೆಜ್ಜೆ ಎಂಬ ದ್ವಿರುಕ್ತಿಗಳಲ್ಲಿ ಸೊಗಸು ಕಾಣುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿರ್ಮಿದಿಯಲ್ಲಿ ಜಾಬಿರ್(ರ) ರಿಂದ ವರದಿಯಾಗಿರುವ ಹದೀಸ್‌ನಂತೆ, ಪ್ರವಾದಿವರ್ಯರು(ಸ) ಈ ಅಧ್ಯಾಯವನ್ನು ಪಾರಾಯಣ ಮಾಡಿದಾಗ ಅನುಚರರು ಮೌನವಾಗಿ ಆಲಿಸಿದರು. ಜಿನ್ನ್‌ಗಳಾದರೋ ಪ್ರತಿ ಬಾರಿಯೂ ಆ ಪ್ರಶ್ನೆಗೆ, ಯಾವ ಅನುಗ್ರಹವನ್ನೂ ಅಲ್ಲಗಳೆಯೆವೆಂದು ಉತ್ತರಿಸಿ ಪ್ರಭುವನ್ನು ಸ್ತುತಿಸಿದ್ದರೆಂದು ಪ್ರವಾದಿವರ್ಯರು(ಸ) ಅವರಿಗೆ ತಿಳಿಸಿದರು. ಉತ್ತರವನ್ನು ಬಯಸುವ ಪ್ರಶ್ನೆಗೆ ಪುನರುಕ್ತಿಯ ದೋಷ ತಟ್ಟುವುದಾದರೂ ಹೇಗೆ?

ಮನೆಮಂದಿ ಕೂಡಿ ಅನುವಾದ ಓದುವಾಗ, ಓದುವವರು ಆ ಸಾಲಿನ ಬಳಿ ಮಕ್ಕಳು ಉತ್ತರಿಸುವಷ್ಟು ಹೊತ್ತು ನಿಲ್ಲಲಿ. 31 ಬಾರಿ ನಿಂತರೂ ಓದು ಅರ್ಧ ಗಂಟೆಯೊಳಗೆ ಮುಗಿಯುತ್ತದೆ.