ಕುಣಿಯುವ ಕಾಲಿಗೆ ಅಪ್ಪಣೆ ಕೊಡುವವರು ಯಾರು?

ಇತ್ತೀಚೆಗೆ ಒಂದು ವಿಚಾರ ಸಂಕಿರಣದಲ್ಲಿ ನಮ್ಮವರೇ ಆದ ಹಿರಿಯ ವಿಮರ್ಶಕರೊಬ್ಬರು ಅಮೆರಿಕದ ಕಪ್ಪು ಜನರ ಹಾಡಿನ ಬಗ್ಗೆ ಮಾತಾಡಿದರು. ರ‍್ಯಾಪ್ ನಿಜವಾಗಿ ಹುಟ್ಟಿದ್ದು 1982ರಲ್ಲಿ ‘ದಿ ಮೆಸೇಜ್’ ಬಂದಾಗ, ಅದಕ್ಕೆ ಮುಂಚಿನದೆಲ್ಲ ಬರೀ ಕುಣಿತ, ಕಂಪನಿ ಮಾಲು ಅಂದುಬಿಟ್ಟರು. ಚಪ್ಪಾಳೆಯೂ ಬಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಸಭೆಯಲ್ಲಿ ಗಂಟಲು ಕಟ್ಟುವುದು ಹೊಸದೇನಲ್ಲ. ಅಲ್ಲಿ ಕೇಳದೆ ಬಿಟ್ಟಿದ್ದನ್ನು ಇಲ್ಲಿ ಕೇಳ್ತಾ ಇದ್ದೀನಿ.

ಅವರು ಕಾಲಲ್ಲಿ ಒದ್ದ ಆ ಮಾಲು ಯಾವುದು ಸ್ವಾಮಿ? 1980ರಲ್ಲಿ ಬಂದ ಕರ್ಟಿಸ್ ಬ್ಲೋನ ಮೊದಲ ಆಲ್ಬಂ. ಆಲ್ಬಮ್ಮಿನ ಹೆಸರೂ ಅವನದೇ. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಹುಡುಗ, ಹುಟ್ಟಿದ್ದು 1959ರಲ್ಲಿ, ಅಪ್ಪ ಅಮ್ಮ ಇಟ್ಟ ಹೆಸರು ಕರ್ಟಿಸ್ ವಾಕರ್. ದೊಡ್ಡ ರೆಕಾರ್ಡ್ ಕಂಪನಿಯೊಂದು ಕರಾರು ಮಾಡಿಕೊಂಡ ಮೊದಲ ರ‍್ಯಾಪ್ ಹಾಡುಗಾರ ಇವನು. ಕಂಪನಿ ಮರ್ಕ್ಯುರಿ. 1979ರ ಕ್ರಿಸ್‌ಮಸ್ಸಿಗೆ ಒಂದು ಹಾಡು. ಅದು ಓಡಿದ ಮೇಲೆ ಇನ್ನೊಂದು. ಅದೂ ಓಡಿದ ಮೇಲೆ ಆಲ್ಬಂ. ಎರಡು ಸಲ ಪರೀಕ್ಷೆ ಪಾಸಾದ ಮೇಲೇ ನಡುಮನೆಗೆ ಬಿಟ್ಟರು. ಈ ಕ್ರಮವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕುಣಿತ ಅಂತೀರಲ್ಲ, ಅದು ಹುಟ್ಟಿದ ಜಾಗ ನೋಡಿ. ಬ್ರಾಂಕ್ಸ್ ಎದೆ ಸೀಳಿ ಹೆದ್ದಾರಿ ಹಾಕಿ ಸಾವಿರಾರು ಸಂಸಾರಗಳನ್ನು ಎಬ್ಬಿಸಿದ್ದರು. ವಿಮೆ ಹಣಕ್ಕಾಗಿ ಎಷ್ಟೋ ಮಾಲೀಕರು ತಮ್ಮ ಕಟ್ಟಡಗಳಿಗೇ ಬೆಂಕಿ ಇಡಿಸಿದರು. ಅಂಥಾ ಊರಲ್ಲಿ 1973ರ ಆಗಸ್ಟ್ 11ರಂದು, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ಕಟ್ಟಡದಲ್ಲಿ, ಜಮೈಕಾದಿಂದ ಬಂದ ಕೂಲ್ ಹರ್ಕ್ ಎಂಬ ಹುಡುಗ ತಂಗಿ ಸಿಂಡಿಗಾಗಿ ತಟ್ಟೆ ತಿರುಗಿಸಿದ. ಶಾಲೆ ಶುರುವಾಗುವ ಹೊತ್ತಿಗೆ ಹೊಸ ಬಟ್ಟೆಗೆ ಕಾಸು ಬೇಕೆಂದು ಅವಳೇ ಏರ್ಪಾಡು ಮಾಡಿದ್ದ ಕೂಟ. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಹಾಡಿನ ನಡುವೆ ಡ್ರಮ್ ಒಂದೇ ಉಳಿಯುವ ತುಣುಕಿಗೆ ‘ಬ್ರೇಕ್’ ಅನ್ನುತ್ತಾರೆ. ಒಂದೇ ಹಾಡಿನ ಎರಡು ತಟ್ಟೆ ಇಟ್ಟು ಆ ತುಣುಕನ್ನೇ ಉದ್ದ ಮಾಡುವ ಕಲೆ ಹರ್ಕ್‌ನ ಕೈಯಲ್ಲಿ ಬೆಳೆಯಿತು. ವಾದ್ಯ ಕೊಳ್ಳಲು ಗತಿಯಿಲ್ಲದ ಮಕ್ಕಳು ಬೇರೆಯವರ ತಟ್ಟೆಯನ್ನೇ ವಾದ್ಯ ಮಾಡಿಕೊಂಡರು.

ಕರ್ಟಿಸ್‌ನ ‘ದಿ ಬ್ರೇಕ್ಸ್’ ಹಾಡಿಗೆ ಇದೇ ಪದ ತಾಯಿಬೇರು. ಗಾಡಿಯ ಬ್ರೇಕು, ಒಲಿದ ಅದೃಷ್ಟ, ಕೈಕೊಟ್ಟ ಅದೃಷ್ಟ, ಡ್ರಮ್ಮಿನ ತುಣುಕು, ಎಲ್ಲವನ್ನೂ ಆ ಒಂದು ಪದಕ್ಕೆ ಕಟ್ಟಿ ಕುಣಿಸ್ತಾನೆ. ಹಾಡಿನೊಳಗೆ ಏನೇನಿದೆ? ತೆರಿಗೆಯವರು ಕರೆಯುತ್ತಾರೆ, ಫೋನ್ ಕಂಪನಿ ಕಣ್ಣು ಕತ್ತಲೆ ಬರೋ ಬಿಲ್ಲು ಕಳಿಸುತ್ತದೆ, ಸಾಲ ಕೊಟ್ಟವರು ರೌಡಿಗಳು, ಅಷ್ಟರಲ್ಲಿ ಕೆಲಸ ಹೋಗಿರುತ್ತದೆ. ಒಂದೊಂದು ಪೆಟ್ಟಿಗೂ ಗುಂಪು ಕೂಗಿ ಜವಾಬು ಕೊಡುತ್ತದೆ. ಆ ವರ್ಷ ಅಮೆರಿಕದಲ್ಲಿ ಬೆಲೆ ಏರಿಕೆ ಶೇಕಡ 13ರ ಮೇಲಿತ್ತು. ಕೆಲಸ ಕಳಕೊಂಡವನ ಪಟ್ಟಿಯನ್ನು ನಗುತ್ತಾ ಓದಿದರೆ ಅದು ಮಾಲು, ಅಳುತ್ತಾ ಓದಿದರೆ ಸಾಹಿತ್ಯ! ಇದು ಯಾವ ನ್ಯಾಯ?

ಆಲ್ಬಮ್ಮಿನಲ್ಲಿ ಕೊರತೆ ಇಲ್ಲ ಅಂತ ನಾನೇನೂ ಹೇಳೋದಿಲ್ಲ. ಏಳು ಹಾಡು, ಒಂದರಲ್ಲಿ ಹುಡುಗಿಗಾಗಿ ಹಂಬಲಿಸಿ ರಾಗ ಎಳೀತಾನೆ, ಗಂಟಲು ಒಗ್ಗುವುದಿಲ್ಲ. ಇನ್ನೊಂದು ಕೆನಡಾದ ಬಿಳಿಯರ ರಾಕ್ ಹಾಡು, ಅದು ಯಾರನ್ನು ಮೆಚ್ಚಿಸಲು ಅಲ್ಲಿ ಬಂತೋ ಅಂತ ನನಗೆ ಅನುಮಾನ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಬೀದಿಯಲ್ಲಿ ತಟ್ಟೆ ತಿರುಗಿಸುತ್ತಿದ್ದವನು ಸ್ಟುಡಿಯೋ ಬಾಗಿಲಲ್ಲೇ ಉಳಿದ. ಒಳಗೆ ಕೂಲಿ ಕೊಟ್ಟು ಕರೆಸಿದ ವಾದ್ಯಗಾರರು ಕೂತರು. ಕಂಪನಿ ಬೇಕಿದ್ದರೆ ಇದಕ್ಕೆ ಬೈಯಿರಿ, ನಾನೂ ಜತೆಗೆ ಬರ್ತೀನಿ.

ಆದರೆ ನಮ್ಮ ವಿಮರ್ಶಕರು ತಲೆ ಮೇಲೆ ಹೊತ್ತ ‘ದಿ ಮೆಸೇಜ್’ ಏನು ಕೇರಿಯಿಂದ ನೇರ ಇಳಿದು ಬಂತೇ? ಅದರ ಬಹುಪಾಲು ಕಟ್ಟಿದವನು ಕಂಪನಿಯ ಸಂಬಳದ ವಾದ್ಯಗಾರ ಡ್ಯೂಕ್ ಬೂಟೀ. ಪಟ್ಟು ಹಿಡಿದು ಮಾಡಿಸಿದವರು ಕಂಪನಿಯ ಒಡತಿ ಸಿಲ್ವಿಯಾ ರಾಬಿನ್ಸನ್. ತಂಡದ ಹುಡುಗರಿಗೆ ಅದು ಬೇಡವಾಗಿತ್ತು. ಕೊನೆಗೆ ಒಪ್ಪಿ ಹಾಡಿದವನು ಮೆಲ್ಲಿ ಮೆಲ್ ಒಬ್ಬ. ತಟ್ಟೆಯ ಮೇಲೆ ಹೆಸರಿರುವ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನ ಕೈ ಅದರೊಳಗೆ ಇಲ್ಲ. ದೊಡ್ಡ ಹಾಡು ಅದು, ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತೆ. ಆದರೆ ಒಂದು ಕಂಪನಿ ಮಾಲು, ಇನ್ನೊಂದು ಶುದ್ಧ ಬಂಡಾಯ ಅಂತ ಗೆರೆ ಎಳೆಯೋಕೆ ಅದು ಬರೋದಿಲ್ಲ. ಶುದ್ಧ ಅನ್ನೋ ಪದ ನಮ್ಮವರ ಬಾಯಲ್ಲಿ ಬಂದಾಗ ನನಗೆ ಇನ್ನೂ ಹೆದರಿಕೆ.

ನನ್ನದೇ ಒಂದು ಮಾತು. ಒಂದು ಕವಿಗೋಷ್ಠಿಯಲ್ಲಿ ಕೇರಿಯ ಮದುವೆ ಊಟದ ಮೇಲೆ ಪದ್ಯ ಓದಿದೆ. ಜನ ಬಿದ್ದು ಬಿದ್ದು ನಕ್ಕರು. ಇಳಿದು ಬಂದ ಮೇಲೆ ಒಬ್ಬರು ಹೆಗಲ ಮೇಲೆ ಕೈ ಹಾಕಿ, ತಮ್ಮಾ, ಇದೆಲ್ಲ ಯಾಕೆ, ನಿಮ್ಮ ನೋವು ಬರಿ ಅಂದರು. ನೋವು ಬರೆದಿದ್ದೆ ಸ್ವಾಮಿ. ಆ ಮದುವೆ ಊಟಕ್ಕೆ ಅಕ್ಕಿ ಸಾಲ ತಂದದ್ದೂ ಪದ್ಯದಲ್ಲೇ ಇತ್ತು. ನಗು ಕೇಳಿದ ಕೂಡಲೇ ಅವರ ಕಿವಿ ಮುಚ್ಚಿಹೋಗಿತ್ತು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಆ ದೇಶದ ಬ್ಲ್ಯಾಕ್ ಪ್ಯಾಂಥರರಿಂದ ಹೆಸರು ತಗೊಂಡರು. ಆಮೇಲೆ ಬಂದ ನಾವು ಆ ಜನರ ಸಿಟ್ಟನ್ನಷ್ಟೆ ಹೊತ್ತು ತಂದು ಅವರ ನಗೆಯನ್ನು ಸುಂಕದ ಕಟ್ಟೆಯಲ್ಲಿ ಬಿಟ್ಟು ಬಂದೆವೋ ಏನೋ.

ಇನ್ನೊಂದು ಸಂಗತಿ. ಕರ್ಟಿಸ್‌ನ ಅದೇ ಆಲ್ಬಮ್ಮಿನಲ್ಲಿ ‘ಹಾರ್ಡ್ ಟೈಮ್ಸ್’ ಎಂಬ ಹಾಡಿದೆ. ಕಷ್ಟದ ದಿನಗಳು ಅಂತಲೇ ಅದರ ಹೆಸರು; ‘ದಿ ಮೆಸೇಜ್’ ಬರಲು ಇನ್ನೂ ಎರಡು ವರ್ಷ ಇತ್ತು. ಆಗ ಕರ್ಟಿಸ್ ಹಿಂದೆ ನಿಂತು ತಟ್ಟೆ ತಿರುಗಿಸುತ್ತಿದ್ದ ಹುಡುಗ ಜೋಸೆಫ್ ಸಿಮನ್ಸ್, ಜಾಹೀರಾತಿನಲ್ಲಿ ಅವನ ಹೆಸರು ‘ಕರ್ಟಿಸ್ ಬ್ಲೋನ ಮಗ’. 1984ರಲ್ಲಿ ಆ ಹುಡುಗ ರನ್-ಡಿ.ಎಂ.ಸಿ. ತಂಡ ಕಟ್ಟಿಕೊಂಡು ಮೊದಲ ಆಲ್ಬಂ ತಂದಾಗ ಅದರ ಮೊಟ್ಟಮೊದಲ ಹಾಡಾಗಿ ಇಟ್ಟದ್ದು ಇದೇ ‘ಹಾರ್ಡ್ ಟೈಮ್ಸ್’. ಆ ಎರಡನ್ನೂ ಹಿಂದೆ ಮುಂದೆ ಇಟ್ಟು ಒಂದು ಸಲ ಕೇಳಿ, ಮುಂದಿನ ಸಂಕಿರಣಕ್ಕೆ ಹೋಗುವ ಮುಂಚೆ.